ಯಾವ ಸಮಯದವರು?

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಇದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಅಲ್ಲಿಯ ಶಾಸನ ಆಕೆಯ ಬಿರುದುಗಳನ್ನು ಒಂದರ ಹಿಂದೊಂದು ಪೋಣಿಸಿಕೊಂಡು ಹೋಗುತ್ತದೆ. ಆ ಸಾಲಿನಲ್ಲಿ ‘ಚತುಸ್ಸಮಯಸಮುದ್ಧರಣೆ’ ಎಂಬುದೂ ಒಂದು. ಇವತ್ತಿನ ಕಿವಿಗೆ ಇದು ನಾಲ್ಕು ಹೊತ್ತಿನ ಮಾತಿನಂತೆ ಕೇಳಿಸೀತು. ಆದರೆ ಶಾಸನ ಹೇಳುತ್ತಿರುವುದು ಬೇರೆ. ನಾಲ್ಕು ಸಮಯಗಳನ್ನು ಎತ್ತಿ ಹಿಡಿದವಳು, ಅಂದರೆ ನಾಲ್ಕು ಮತಗಳಿಗೂ ಆಸರೆಯಾದವಳು ಎಂದರ್ಥ. ಶಾಂತಲೆ ಜಿನಭಕ್ತೆ. ಗಂಡ ಬೇಲೂರಿನಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟಿಸಿದವನು. ಆಕೆ 1131ರಲ್ಲಿ ದೇಹ ಬಿಟ್ಟದ್ದು ಶಿವಗಂಗೆಯಲ್ಲಿ, ಶಿವನ ಕ್ಷೇತ್ರದಲ್ಲಿ. ಒಬ್ಬಳ ಬಾಳಿನಲ್ಲೇ ಮೂರು ಸಮಯಗಳು ಹಾದುಹೋಗಿವೆ.

ಆಗಿನ ಕನ್ನಡದಲ್ಲಿ ‘ಸಮಯ’ ಎಂದರೆ ಮತ, ಪಂಥ, ಒಂದು ಕಟ್ಟಿಗೆ ಒಳಪಟ್ಟ ಜನ. ‘ಜೈನಸಮಯ’, ‘ಶೈವಸಮಯ’ ಎನ್ನುತ್ತಿದ್ದರು. ಅದಕ್ಕೆ ಸೇರಿದವನು ‘ಸಮಯಿ’. ಇಂದು ಆ ಅರ್ಥ ಮಾತಿನಲ್ಲಿ ಉಳಿದಿಲ್ಲ. ಪದ ಮಾತ್ರ ದಿನಕ್ಕೆ ಹತ್ತಾರು ಸಲ ನಮ್ಮ ನಾಲಗೆಯ ಮೇಲೆ ಹೊರಳುತ್ತಲೇ ಇದೆ, ಬಸ್ಸಿನ ವೇಳಾಪಟ್ಟಿಯಿಂದ ಹಿಡಿದು ಲಗ್ನಪತ್ರಿಕೆಯವರೆಗೆ. ಈ ಹಳೆಯ ಅರ್ಥವನ್ನು ಕೆದಕಲು ನನಗೊಂದು ಕಾರಣವಿದೆ. ‘ದೇವರನ್ನು ನಂಬುತ್ತೇನೆ, ಆದರೆ ನಾನು ಯಾವ ಮತಕ್ಕೂ ಸೇರಿದವನಲ್ಲ’ ಎನ್ನುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರ ಮಾತನ್ನು ನಾವು ಅರ್ಧಕ್ಕೇ ತಡೆದು, ‘ಅದು ಹೇಗೆ ಸಾಧ್ಯ? ಹಾಗಾದರೆ ನೀವು ಯಾರು?’ ಎಂದು ಕೇಳಿಬಿಡುತ್ತೇವೆ. ‘ಸಮಯ’ ಎಂಬ ಪದದ ಬಾಳನ್ನು ಹಿಂಬಾಲಿಸಿದರೆ, ಅವರ ಮಾತಿನಲ್ಲಿ ಒಡಕೇನೂ ಇಲ್ಲವೆಂಬುದು ತಿಳಿಯುತ್ತದೆ.

ಪದದ ಬುಡ ಸಂಸ್ಕೃತದ್ದು. ‘ಸಮ್’ ಎಂದರೆ ಕೂಡಿ. ‘ಇ’ ಧಾತುವಿಗೆ ಹೋಗು ಎಂಬ ಅರ್ಥ. ಕೂಡಿ ಬರುವುದು ಸಮಯ. ನಾಲ್ಕು ಜನ ಕೂಡಿದ ಮೇಲೆ ಒಂದು ಮಾತಿಗೆ ಬರುತ್ತಾರೆ, ಆ ಮಾತೂ ಸಮಯವಾಯಿತು. ಕರಾರು, ಒಡಂಬಡಿಕೆ, ಕಟ್ಟುಪಾಡು. ಕರಾರಿಗೊಂದು ಗಡುವು ಇರುತ್ತದೆ. ಆ ಗಡುವಿನಿಂದ ಪದ ಹೊತ್ತಿನ ಕಡೆಗೆ ಜಾರಿತು.

ಈ ಜಾರುವಿಕೆ ಕಣ್ಣೆದುರೇ ನಡೆಯುವ ಒಂದು ಜಾಗ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿದೆ. ಮಳೆಗಾಲ ಕಳೆದರೆ ಸೀತೆಯನ್ನು ಹುಡುಕಲು ಹೊರಡುವೆನೆಂದು ಮಾತು ಕೊಟ್ಟ ಸುಗ್ರೀವ ಭೋಗದಲ್ಲಿ ಮೈಮರೆತಿದ್ದಾನೆ. ರಾಮ ಲಕ್ಷ್ಮಣನನ್ನು ಕಳಿಸಿ, ಸಮಯದಲ್ಲಿ ನಿಲ್ಲುವಂತೆ ಅವನಿಗೆ ಹೇಳಿಸುತ್ತಾನೆ. ಕೊಟ್ಟ ಮಾತಿಗೆ ನಿಲ್ಲು ಎಂಬುದು ಅಲ್ಲಿಯ ಅರ್ಥ. ಆದರೆ ಸುಗ್ರೀವ ಮಾತಿಗೂ ತಪ್ಪಿದ್ದ, ಹೊತ್ತನ್ನೂ ಮೀರಿದ್ದ. ಎರಡನ್ನೂ ಒಂದೇ ಪದ ಹೊರುತ್ತದೆ. ಮಹಾಭಾರತದ ವಿರಾಟಪರ್ವದಲ್ಲಿ ‘ಸಮಯಪಾಲನ’ ಎಂಬ ಹೆಸರಿನ ಉಪಪರ್ವವೇ ಇದೆ. ಗುರುತು ಸಿಗದಂತೆ ಒಂದು ವರ್ಷ ಕಳೆಯುವ ಪಣವನ್ನು ಪಾಂಡವರು ಪಾಲಿಸಿದ ಕಥೆ ಅದು. ಇಂದು ‘ಸಮಯಪಾಲನೆ’ ಎಂದರೆ ಹತ್ತು ಗಂಟೆಗೆ ಸರಿಯಾಗಿ ಕಚೇರಿಗೆ ಬರುವುದು.

ಪಂಥ ಎಂಬ ಅರ್ಥಕ್ಕೆ ಪದ ಬಂದದ್ದು ಕಾನೂನಿನ ದಾರಿಯಿಂದ ಎಂದು ನನಗೆ ಅನ್ನಿಸುತ್ತದೆ. ನಾರದಸ್ಮೃತಿ ವ್ಯವಹಾರದ ವಿಷಯಗಳನ್ನು ಎಣಿಸುವಾಗ ‘ಸಮಯವನ್ನು ಮೀರುವುದು’ ಎಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಡುತ್ತದೆ. ಪಾಷಂಡರು, ವರ್ತಕರ ಸಂಘಗಳು ಮೊದಲಾದವರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಗೆ ಸಮಯವೆಂದು ಹೆಸರು ಎಂದು ಅದು ವಿವರಿಸುತ್ತದೆ. ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಸಾಲಿನ ಜೊತೆಗಾರರನ್ನು. ಧಾರ್ಮಿಕ ಪಂಥವೂ ವ್ಯಾಪಾರಿಗಳ ಕೂಟವೂ ಅಕ್ಕಪಕ್ಕ ಕೂತಿವೆ. ಎರಡೂ ಮನುಷ್ಯರು ತಮ್ಮ ತಮ್ಮಲ್ಲಿ ಮಾಡಿಕೊಂಡ ಕರಾರುಗಳೇ. ಒಬ್ಬರು ತೂಕ, ಅಳತೆ, ದರದ ಬಗ್ಗೆ ಮಾತು ಕೊಟ್ಟುಕೊಂಡರೆ ಇನ್ನೊಬ್ಬರು ವ್ರತ, ಊಟ, ಉಡುಗೆಯ ಬಗ್ಗೆ. ದೇವರು ಆ ಕರಾರಿಗೆ ಸಾಕ್ಷಿಯಾಗಿರಬಹುದು, ಕಕ್ಷಿದಾರನಾಗಿ ಸಹಿ ಹಾಕಿದವನಲ್ಲ.

ಯಾಜ್ಞವಲ್ಕ್ಯಸ್ಮೃತಿಯೂ ಈ ವಿಷಯವನ್ನೆತ್ತುತ್ತದೆ. ಅದಕ್ಕೆ ವಿಜ್ಞಾನೇಶ್ವರ ಬರೆದ ಮಿತಾಕ್ಷರೆ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ವೇದವನ್ನು ಪ್ರಮಾಣವೆಂದು ಒಪ್ಪದ ದಿಗಂಬರರು, ಬೌದ್ಧರು ಮೊದಲಾದವರೇ ಪಾಷಂಡರೆಂದು ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ವರ್ತಕರ ಕಟ್ಟಳೆಯನ್ನು ರಾಜ ಕಾಪಾಡುವಂತೆ ಅವರ ಕಟ್ಟಳೆಯನ್ನೂ ಕಾಪಾಡಬೇಕು. ಇದು ದೊಡ್ಡ ಮನಸ್ಸಿನ ಮಾತು. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಮಾತೂ ಇದೆ: ಗುಂಪಿನ ಒಡಂಬಡಿಕೆಯನ್ನು ಮೀರಿದವನ ಸರ್ವಸ್ವವನ್ನೂ ಕಿತ್ತುಕೊಂಡು ಅವನನ್ನು ನಾಡಿನಿಂದ ಹೊರಹಾಕಬೇಕು. ಗುಂಪಿಗೆ ರಕ್ಷಣೆ ಇತ್ತು. ಗುಂಪನ್ನು ಬಿಟ್ಟು ಒಬ್ಬನೇ ನಿಂತವನಿಗೆ ಇರಲಿಲ್ಲ. ಎಲ್ಲ ಮತಗಳಿಗೂ ಜಾಗ ಕೊಟ್ಟ ನಾಡು ನಮ್ಮದು ಎಂದು ಹೆಮ್ಮೆಪಡುವಾಗ ಈ ಎರಡನೇ ಮಾತನ್ನು ನುಂಗಿಕೊಳ್ಳಬಾರದು.

‘ಪಾಷಂಡ’ ಪದದ ಗತಿ ಇನ್ನೂ ದಾರುಣ. ಅಶೋಕನ ಶಾಸನಗಳಲ್ಲಿ ಅದಕ್ಕೆ ಬೈಗುಳದ ಛಾಯೆಯೇ ಇಲ್ಲ. ಪಂಥ ಎಂದಷ್ಟೇ ಅರ್ಥ. ಎಲ್ಲ ಪಂಥಗಳನ್ನೂ ಗೌರವಿಸಬೇಕು, ತನ್ನದನ್ನೇ ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂದು ಹೇಳುವುದು ಅವನ ಹನ್ನೆರಡನೇ ಬಂಡೆಶಾಸನ. ಆ ಶಾಸನದ ಒಂದು ಪ್ರತಿ ಕರ್ನಾಟಕದಲ್ಲೇ ಇದೆ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿಯಿತು. ಆಮೇಲೆ ನೋಡಿದರೆ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದದ್ದು ಅಶೋಕನ ಶಾಸನದ ಚಪ್ಪಡಿ. ವಿಗ್ರಹ ಕೂರಿಸಲು ಅದರ ನಡುವೆ ಕೊರೆದ ಕುಳಿಯಲ್ಲಿ ಒಂದಷ್ಟು ಅಕ್ಷರಗಳು ಹೋಗಿವೆ. ಯಾವುದೋ ಕಾಲದಲ್ಲಿ ಭಕ್ತರು ಗಟ್ಟಿ ಕಲ್ಲು ಸಿಕ್ಕಿತೆಂದು ತಂದು ಹಾಕಿಕೊಂಡಿದ್ದರು. ಅದರ ಮೇಲಿನ ಲಿಪಿ ಓದಬಲ್ಲವರು ಆಗ ಯಾರೂ ಉಳಿದಿರಲಿಲ್ಲ. ಅದೇ ಶಾಸನದ ಗಿರ್ನಾರ್ ಪಾಠದಲ್ಲಿ ಪಂಥಗಳು ಕೂಡಿ ಬಾಳುವುದಕ್ಕೆ ‘ಸಮವಾಯ’ ಎಂಬ ಪದವಿದೆ. ‘ಸಮಯ’ವೂ ‘ಸಮವಾಯ’ವೂ ಒಂದೇ ಧಾತುವಿನ ಮಕ್ಕಳು.

ಮತ್ತೆ ಬೆಳಗೊಳಕ್ಕೇ ಬರುತ್ತೇನೆ, 1368ರ ಬುಕ್ಕರಾಯನ ಶಾಸನಕ್ಕೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಿತ್ತು. ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಕಡೆಯ ಜೈನರು ಅರಸನಲ್ಲಿ ಮೊರೆಯಿಟ್ಟರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಕೊಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲವೆಂದ. ಪಂಚಮಹಾವಾದ್ಯ, ಕಲಶಗಳ ಗೌರವ ಜೈನರಿಗೂ ಸಲ್ಲಬೇಕೆಂದ. ಹೆಚ್ಚಿನವರು ಈ ಶಾಸನದ ಬಗ್ಗೆ ಹೇಳುವಾಗ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಸಾಲುಗಳು ನನಗೆ ಇನ್ನೂ ಪ್ರಿಯ. ನಾಡಿನ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು. ಮಿಕ್ಕದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನೆಲ್ಲ ನೋಡಿಕೊಳ್ಳುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಒಬ್ಬ ವೈಷ್ಣವನದು. ಕಟ್ಟಳೆ ಮೀರಿದವನು ರಾಜನಿಗೆ ದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಈ ಒಪ್ಪಂದಕ್ಕೆ ಸೇರಿ ಬಂದವರ ಪಟ್ಟಿ ಉದ್ದವಾಗಿದೆ. ಆಚಾರ್ಯರಿದ್ದಾರೆ, ತಿರುಕುಲ, ಜಾಂಬವಕುಲದವರಿದ್ದಾರೆ. ‘ಸಕಲ ಸಮಯಿಗಳು’ ಎಂಬ ಮಾತೂ ಇದೆ. ಸಮಯವೆಂದರೆ ಏನೆಂದು ಈ ಶಾಸನಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಲಾರದು. ಮನೆಗೊಂದು ಹಣ, 20 ಕಾವಲಿನವರು, ಒಂದಿಷ್ಟು ಸುಣ್ಣ, ಯಾರ ಮೆರವಣಿಗೆಯಲ್ಲಿ ಯಾವ ವಾದ್ಯ ಎಂಬ ತೀರ್ಮಾನ. ಸಂಘಟಿತ ಧರ್ಮದ ಒಳ್ಳೆಯದೂ ಕೆಟ್ಟದ್ದೂ ಇಷ್ಟರಲ್ಲೇ ಇದೆ. ಜಗಳ ಹುಟ್ಟಿದ್ದೂ ವಾದ್ಯ, ಕಲಶಕ್ಕೆ. ಜಗಳ ತೀರಿದ್ದೂ ಅದನ್ನೇ ಹಂಚಿಕೊಂಡು. ಒಳಗಿನ ನಂಬಿಕೆ ಹೇಗಿರಬೇಕೆಂದು ಅರಸ ಯಾರನ್ನೂ ಕೇಳಲಿಲ್ಲ.

ಸಮಯವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದರು. ಹನ್ನೆರಡನೇ ಶತಮಾನದ ಬ್ರಹ್ಮಶಿವ ‘ಸಮಯಪರೀಕ್ಷೆ’ ಎಂಬ ಹೆಸರಿನಲ್ಲೇ ಗ್ರಂಥ ಬರೆದ. ಶೈವದ ಕಡೆ ಹೋಗಿ ಜೈನಕ್ಕೆ ಬಂದವನು. ಕೃತಿಗಿಂತ ಹೆಸರು ದೊಡ್ಡದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರೀಕ್ಷೆಗೆ ಒಳಗಾಗುವುದು ಬೇರೆಯವರ ಸಮಯ ಮಾತ್ರ. ಆ ಕಾಲದ ಜನ ಯಾವ ಯಾವ ದೈವಗಳಿಗೆ ನಡೆದುಕೊಳ್ಳುತ್ತಿದ್ದರು ಎಂಬ ವಿವರಗಳು ಅದರಲ್ಲಿ ಸಿಗುವುದೇ ನಮಗೆ ಲಾಭ.

ಇದಕ್ಕಿಂತ ಆಳಕ್ಕೆ ಇಳಿದವನು ಬಹಳ ಹಿಂದಿನ ಕುಂದಕುಂದ. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಗೆ ಹತ್ತಿದವರಿಗೆ ಆ ಹೆಸರು ಗೊತ್ತು. ಜೈನ ಪರಂಪರೆ ಆ ಬೆಟ್ಟವನ್ನು ಅವನ ಹೆಸರಿನೊಂದಿಗೆ ಸೇರಿಸಿದೆ. ಅವನ ಪ್ರಾಕೃತ ಗ್ರಂಥದ ಹೆಸರು ‘ಸಮಯಸಾರ’. ಸಾಮಾನ್ಯ ಬಳಕೆಯಲ್ಲಿ ‘ಸ್ವಸಮಯ’ ಎಂದರೆ ನಮ್ಮ ಮತ, ‘ಪರಸಮಯ’ ಎಂದರೆ ಬೇರೆಯವರದು. ಕುಂದಕುಂದ ಗ್ರಂಥದ ಆರಂಭದಲ್ಲೇ ಈ ಎರಡು ಪದಗಳನ್ನೂ ಹೊರಳಿಸಿಬಿಡುತ್ತಾನೆ. ತನ್ನ ಅರಿವು, ಶ್ರದ್ಧೆ, ನಡತೆಗಳಲ್ಲಿ ನೆಲೆನಿಂತ ಜೀವವೇ ಸ್ವಸಮಯ. ಕರ್ಮದ ಹಿಡಿತದಲ್ಲಿ ಬಿದ್ದದ್ದು ಪರಸಮಯ. ಗಡಿ ಈಗ ಎರಡು ಮತಗಳ ನಡುವೆ ಇಲ್ಲ, ಒಬ್ಬ ಮನುಷ್ಯನ ಒಳಗೇ ಇದೆ. ಜೈನರಿಗೆ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ, ಆದ್ದರಿಂದ ಈ ನಿದರ್ಶನವನ್ನು ನಮ್ಮ ವಿಷಯಕ್ಕೆ ಎಳೆದು ತರುವುದು ಸರಿಯಲ್ಲ. ಆದರೆ ಗುಂಪಿನ ಹೆಸರಾಗಿದ್ದ ಪದ ಒಬ್ಬನ ಅಂತರಂಗದ ಹೆಸರಾಗಬಲ್ಲದು ಎಂಬುದನ್ನು ತೋರಿಸಿಕೊಟ್ಟವನು ಅವನೇ. ಶ್ರೀವಿದ್ಯೆಯ ಉಪಾಸಕರಲ್ಲೂ ಇಂಥದೇ ತಿರುವು ಕಾಣುತ್ತದೆ. ಅಲ್ಲಿ ‘ಸಮಯಾಚಾರ’ ಎಂದರೆ ಹೊರಗಿನ ಸಾಮಗ್ರಿ ಏನೂ ಇಲ್ಲದೆ ಒಳಗೇ ನಡೆಸುವ ಪೂಜೆ.

ವಿಜ್ಞಾನೇಶ್ವರ ಬರೆದ ಕಲ್ಯಾಣದಲ್ಲೇ, ಕೆಲವು ದಶಕಗಳ ನಂತರ, ಬಸವಣ್ಣನವರೂ ಸಂಗಡಿಗರೂ ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಪೂಜಾರಿ ಬೇಡ, ಸ್ಥಾವರ ಬೇಡ, ನೀನೂ ನಿನ್ನ ಇಷ್ಟಲಿಂಗವೂ ಸಾಕು ಎಂದರು. ಸಮಯದ ಹೊರಗೆ ದೇವರಿದ್ದಾನೆ ಎಂಬುದನ್ನು ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಹೇಳಿದವರು ಅವರಿಗಿಂತ ಮುಂಚೆ ಇರಲಿಲ್ಲ. ಆದರೂ ಶರಣರಲ್ಲೇ ‘ಭವಿ’ ಎಂಬ ಪದವಿತ್ತು, ಲಿಂಗ ಕಟ್ಟದವನಿಗೆ. ಒಳಗೆ, ಹೊರಗೆ ಎಂಬ ಗೆರೆ ಮತ್ತೆ ಬಿತ್ತು. ಮುಂದೆ ಮಠಗಳು ಬಂದವು, ಗುರುಪರಂಪರೆಗಳು ಬಂದವು, ‘ವೀರಶೈವ ಸಮಯ’ ಎಂಬ ಮಾತೂ ಬಂತು. ಇದನ್ನು ಸೋಲೆಂದು ನಾನು ಕರೆಯಲಾರೆ. ಮಠಗಳು ಅನ್ನ ಹಾಕಿದವು, ಓದಿಸಿದವು. ಆದರೆ ಅಲ್ಲಮನಂಥವರು ಯಾವ ಕಟ್ಟಿಗೂ ನಿಲ್ಲದೆ ನಡೆದುಹೋದದ್ದನ್ನು ನೆನೆದಾಗ, ಆ ದಾರಿಯೂ ನಮ್ಮದೇ ಅಲ್ಲವೇ ಅನಿಸುತ್ತದೆ. ಶಿಶುನಾಳದ ಶರೀಫರೂ ಅವರ ಗುರು ಗೋವಿಂದಭಟ್ಟರೂ ಅದೇ ದಾರಿಯವರು. ಇಂಥವರಿಗೆ ಜನ ಅವಧೂತ ಎಂದರು, ಆರೂಢ ಎಂದರು. ಶಾಸ್ತ್ರ ‘ಅತಿವರ್ಣಾಶ್ರಮಿ’ ಎಂಬ ಹೆಸರನ್ನೂ ಕೊಟ್ಟಿತು. ಹೊರಗೆ ನಿಂತ ಸಾಧಕರಿಗೆ ಪದಗಳ ಬರ ಇರಲಿಲ್ಲ. ಸಾಧಕನಲ್ಲದ, ಅಂಗಡಿ ನಡೆಸುವ, ಮಕ್ಕಳನ್ನು ಶಾಲೆಗೆ ಬಿಡುವ ಸಾಮಾನ್ಯನೊಬ್ಬ ಹೊರಗೆ ನಿಂತರೆ ಅವನಿಗೆ ಹೆಸರಿರಲಿಲ್ಲ.

ಹೆಸರಿಲ್ಲದಿದ್ದರೂ ಅವನ ಕೈಯಲ್ಲಿ ಒಂದು ಪದ ಯಾವಾಗಲೂ ಇತ್ತು: ‘ದೇವರು’. ಆ ಪದ ಯಾವ ಸಮಯದ ಸ್ವತ್ತೂ ಅಲ್ಲ. ಕನ್ನಡದ ಹಿಂದೂ, ಕನ್ನಡದ ಕ್ರೈಸ್ತ, ಕನ್ನಡದ ಮುಸಲ್ಮಾನ ಮೂವರೂ ‘ದೇವರು ದೊಡ್ಡವನು’ ಎನ್ನುತ್ತಾರೆ. ವ್ಯಾಕರಣದಲ್ಲೂ ಅದು ಯಾವ ಚೌಕಟ್ಟಿಗೂ ಸಿಗುವುದಿಲ್ಲ. ರೂಪ ಬಹುವಚನದ್ದು, ಆದರೂ ‘ದೇವರಿದ್ದಾನೆ’ ಎಂದು ಏಕವಚನ ಹಚ್ಚುತ್ತೇವೆ. ಮೈಮೇಲೆ ಬಂದಾಗ ‘ದೇವರು ಬಂತು’ ಎಂದು ನಪುಂಸಕವಾಗುತ್ತದೆ. ಇನ್ನು ಹೆಸರನ್ನೇ ಬಿಟ್ಟು ‘ಮೇಲೊಬ್ಬ ಇದ್ದಾನೆ, ನೋಡ್ಕೋತಾನೆ’ ಎನ್ನುವವರೂ ಇದ್ದಾರೆ. ಕಷ್ಟದಲ್ಲಿ ಕೈಹಿಡಿದವರಿಗೆ ‘ದೇವರು ಬಂದಂಗೆ ಬಂದ್ರಿ’ ಎನ್ನುತ್ತೇವೆ. ಈ ಮಾತುಗಳಲ್ಲಿ ಶ್ರದ್ಧೆ ತುಂಬಿದೆ. ಯಾವ ಸಮಯದ ಮೊಹರೂ ಅವಕ್ಕಿಲ್ಲ. ಮತದ ಹಂಗಿಲ್ಲದ ಆಸ್ತಿಕತೆ ಪರದೇಶದಿಂದ ಬಂದ ಹೊಸ ಯೋಚನೆ ಎನ್ನುವವರು ಒಮ್ಮೆ ಸಂತೆಯ ಕನ್ನಡಕ್ಕೆ ಕಿವಿಗೊಡಬೇಕು.

ಹಾಗಾದರೆ ಸಮಯವೆಂಬ ಪದ ತನ್ನ ಹಳೆಯ ಹೊರೆಯನ್ನು ಇಳಿಸಿದ್ದು ಯಾವಾಗ? ಒಂದು ದಿನದ ಕೆಲಸವಲ್ಲ ಅದು. ಹೊತ್ತು ಎಂಬ ಅರ್ಥ ಮೊದಲಿನಿಂದಲೂ ಪಕ್ಕದಲ್ಲೇ ಇತ್ತು. ‘ಸಮಯಸಾಧಕ’, ‘ಸಮಯಪ್ರಜ್ಞೆ’, ‘ಸಮಯೋಚಿತ’ ಎಲ್ಲವೂ ಆ ಕಡೆಯವು. ಕಟ್ಟಳೆ ಎಂಬ ಅರ್ಥ ಇವತ್ತಿಗೂ ಉಳಿದಿರುವುದು ‘ಕವಿಸಮಯ’ ಎಂಬ ಒಂದೇ ಒಂದು ಮೂಲೆಯಲ್ಲಿ. ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಹಂಸ ಹಾಲು ನೀರನ್ನು ಬೇರ್ಪಡಿಸುತ್ತದೆ ಎಂಬುದನ್ನು ಕವಿಗಳು ತಮ್ಮ ತಮ್ಮಲ್ಲಿ ಒಪ್ಪಿಕೊಂಡಿದ್ದಾರೆ. ಅದು ನಿಜವೋ ಸುಳ್ಳೋ ಎಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ.

ತೆರವಾದ ಜಾಗಕ್ಕೆ ‘ಮತ’ ಬಂತು, ‘ಧರ್ಮ’ ಬಂತು. ಎರಡೂ ಬೇರೆ ಕೆಲಸದಲ್ಲಿದ್ದ ಪದಗಳು. ಧರ್ಮ ನಮ್ಮ ಊರುಗಳಲ್ಲಿ ದಾನವೂ ಹೌದು, ನ್ಯಾಯವೂ ಹೌದು. ‘ಧರ್ಮದೇಟು’ ಎನ್ನುವಾಗ ಪುಕ್ಕಟೆ ಎಂಬ ಅರ್ಥವೂ ಹೌದು. ‘ಮತ’ದ ಬೇರು ‘ಮನ್’ ಧಾತು, ಯೋಚಿಸು. ಮನಸ್ಸು, ಮತಿ, ಮನನ, ಮಂತ್ರ ಎಲ್ಲವೂ ಅದರ ಬಳಗ. ಕವಿರಾಜಮಾರ್ಗ ತನ್ನನ್ನು ‘ನೃಪತುಂಗದೇವಾನುಮತ’ ಎಂದು ಕರೆದುಕೊಳ್ಳುವಾಗ ಅಲ್ಲಿರುವುದು ಒಪ್ಪಿಗೆ ಎಂಬ ಅರ್ಥ. ಬಹುಮತ, ಒಮ್ಮತ, ಮತದಾನಗಳಲ್ಲಿ ಈಗಲೂ ಮತ ಎಂದರೆ ಅಭಿಪ್ರಾಯ. ಶಾಸ್ತ್ರಗ್ರಂಥಗಳಲ್ಲಿ ‘ಮತಾಂತರ’ ಎಂದರೆ ಇನ್ನೊಬ್ಬ ಪಂಡಿತನ ಬೇರೆ ಅಭಿಪ್ರಾಯ. ಟೀಕಾಕಾರ ಅದನ್ನು ಮರ್ಯಾದೆಯಿಂದ ಎತ್ತಿ ಹೇಳಿ ಮುಂದೆ ಹೋಗುತ್ತಿದ್ದ. ಇಂದು ಅದೇ ಪದದ ಸುತ್ತ ಪೊಲೀಸ್ ದೂರು, ಕಾಯ್ದೆ, ಹೊಡೆದಾಟ.

ಸಮಯದಿಂದ ಮತಕ್ಕೆ ಬಂದಾಗ ನಮಗೊಂದು ನಷ್ಟವಾಯಿತು ಎಂಬುದೇ ನಾನು ಹೇಳಬೇಕಾದದ್ದು. ಸಮಯ ಎಂದಾಗ ಮಾತು ಜನರ ನಡುವಿನ ಕರಾರಿನದು ಎಂಬುದು ಪದದಲ್ಲೇ ಎದ್ದು ಕಾಣುತ್ತಿತ್ತು. ಮತ ಎಂದಕೂಡಲೇ ಕರಾರೂ ಯೋಚನೆಯೂ ಒಂದೇ ಚೀಲಕ್ಕೆ ಬಿದ್ದವು. ನೀನು ಯಾವ ಗುಂಪಿನವನು ಎಂಬ ಪ್ರಶ್ನೆಯೂ ನಿನ್ನ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಯೂ ಒಂದೇ ಆದವು. ಜನಗಣತಿಯ ಹಾಳೆ ಬಂದ ಮೇಲಂತೂ ಒಂದೇ ಅಂಕಣ, ಒಂದೇ ಉತ್ತರ.

ಈ ಗೋಜಲು ಕಾನೂನಿನಲ್ಲಿ ಬಿಚ್ಚಿಕೊಂಡದ್ದು 1872ರಲ್ಲಿ. ರಾಜಾ ರಾಮಮೋಹನ ರಾಯರು 1828ರಲ್ಲಿ ಆರಂಭಿಸಿದ ಬ್ರಾಹ್ಮ ಪಂಥದವರು ಒಬ್ಬನೇ ನಿರಾಕಾರ ದೇವರನ್ನು ನಂಬುವವರು. ಹಳೆಯ ವಿಧಿಗಳಿಲ್ಲದೆ ಮದುವೆಯಾದರೆ ಅದು ಕಾನೂನಿನ ಕಣ್ಣಲ್ಲಿ ಊರ್ಜಿತವೇ ಎಂಬ ಅನುಮಾನ ಹುಟ್ಟಿತು. ಕೇಶವಚಂದ್ರ ಸೇನರ ಒತ್ತಾಯದಿಂದ ಹೊಸ ವಿವಾಹ ಕಾಯ್ದೆ ಬಂತು. ಅದರ ಷರತ್ತು ಮಾತ್ರ ಕಠಿಣ. ವಧುವರರಿಬ್ಬರೂ ತಾವು ಕ್ರೈಸ್ತ, ಯೆಹೂದಿ, ಹಿಂದೂ, ಮುಸ್ಲಿಂ, ಪಾರ್ಸಿ, ಬೌದ್ಧ, ಸಿಖ್, ಜೈನ ಧರ್ಮಗಳಲ್ಲಿ ಯಾವುದನ್ನೂ ಪಾಲಿಸುವವರಲ್ಲ ಎಂದು ಘೋಷಿಸಬೇಕು. ದಿನವೂ ದೇವರನ್ನು ಪ್ರಾರ್ಥಿಸುವ ಜನ, ಮದುವೆಯ ದಿನ ಎಂಟು ಧರ್ಮಗಳ ಹೆಸರು ಹಿಡಿದು ‘ಅಲ್ಲ’ ಎನ್ನಬೇಕಾಯಿತು. ಬ್ರಾಹ್ಮರಲ್ಲೇ ದೇವೇಂದ್ರನಾಥ ಠಾಕೂರರ ಬಣ ನಾವು ಹಿಂದೂಗಳೇ ಎಂದು ಇದನ್ನು ವಿರೋಧಿಸಿತು. ಆ ಘೋಷಣೆಯ ಕಟ್ಟು 1923ರಲ್ಲಿ ಸ್ವಲ್ಪ ಸಡಿಲವಾಯಿತು, 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಪೂರ್ತಿ ಹೋಯಿತು.

ಬಾಂಬೆ ಹೈಕೋರ್ಟಿನ ಮುಂದೆ 2014ರಲ್ಲಿ ಬಂದ ಮೊಕದ್ದಮೆಯಲ್ಲಿ ಪ್ರಶ್ನೆ ಇನ್ನೂ ನೇರವಾಗಿತ್ತು. ಅರ್ಜಿದಾರರು ಯೇಸುಕ್ರಿಸ್ತನನ್ನು ನಂಬುವವರು. ಆದರೆ ತಾವು ಕ್ರೈಸ್ತ ಧರ್ಮಕ್ಕಾಗಲಿ ಬೇರೆ ಯಾವ ಧರ್ಮಕ್ಕಾಗಲಿ ಸೇರಿದವರಲ್ಲವೆಂದು ಗೆಜೆಟ್‌ನಲ್ಲಿ ಪ್ರಕಟಿಸಬೇಕೆಂದು ಕೇಳಿದ್ದರು. ಸರ್ಕಾರಿ ಮುದ್ರಣಾಲಯ ಒಪ್ಪಲಿಲ್ಲ. ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ತೀರ್ಪು ಕೊಟ್ಟಿತು: ಸಂವಿಧಾನದ 25ನೇ ವಿಧಿ ಕೊಡುವ ಅಂತಃಕರಣದ ಸ್ವಾತಂತ್ರ್ಯದಲ್ಲಿ, ನನಗೆ ಯಾವ ಧರ್ಮವೂ ಇಲ್ಲ ಎನ್ನುವ ಹಕ್ಕೂ ಸೇರಿದೆ, ಧರ್ಮವನ್ನು ಹೇಳಲೇಬೇಕೆಂದು ಯಾವ ಅಧಿಕಾರಿಯೂ ಯಾರನ್ನೂ ಒತ್ತಾಯಿಸುವಂತಿಲ್ಲ. ಓಕಾ ಅವರು ಮುಂದೆ ನಮ್ಮ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ದೇಶದಲ್ಲಿ ಸುಮಾರು 28.7 ಲಕ್ಷ. ಅವರಲ್ಲಿ ದೇವರನ್ನು ನಂಬುವವರೆಷ್ಟು, ನಂಬದವರೆಷ್ಟು ಎಂದು ತಿಳಿಯಲು ಅಂಕಣವೇ ಇಲ್ಲ. ಇಬ್ಬರನ್ನೂ ಒಂದೇ ಕೋಣೆಗೆ ಹಾಕಿ ಬೀಗ ಹಾಕಿದಂತಿದೆ ಅದು. ನಾಸ್ತಿಕನಿಗೂ ಅದು ಅನ್ಯಾಯ, ಆಸ್ತಿಕನಿಗೂ ಅನ್ಯಾಯ.

ಕಾಗದದ ಹಕ್ಕು ಒಂದು, ಊರಿನಲ್ಲಿ ಬದುಕುವುದು ಇನ್ನೊಂದು. ‘ದೇವರು ಸಾಕು, ಮಠ ಬೇಡ, ಜಾತಿ ಬೇಡ’ ಎಂದವರನ್ನು ನಮ್ಮ ಹಿರಿಯರು ಎರಡೇ ಪ್ರಶ್ನೆ ಕೇಳುತ್ತಾರೆ. ಮಕ್ಕಳ ಮದುವೆ ಹೇಗೆ ಮಾಡ್ತೀಯ? ಸತ್ತರೆ ಹೊರೋರು ಯಾರು? ಇವು ಕೊಂಕಿನ ಪ್ರಶ್ನೆಗಳೆಂದು ನಾನು ಎಂದೂ ತಿಳಿದಿಲ್ಲ. ಸಮಯ ಎಂಬುದು ಹುಟ್ಟಿದ್ದೇ ಇಂಥ ಹೊತ್ತಿಗೆ ನಾಲ್ಕು ಜನ ಕೂಡಿ ಬರಲಿ ಎಂದು.

ಮದುವೆಯ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಟ್ಟವರು ಕುವೆಂಪು. ಮತದ ಕಟ್ಟುಗಳಿಂದ ಹೊರಬರಬೇಕೆಂದು ಬಾಳಿನುದ್ದಕ್ಕೂ ಹೇಳಿದವರು ಅವರು. ಉಪನಿಷತ್ತುಗಳನ್ನೂ ಧ್ಯಾನವನ್ನೂ ಕೊನೆಯವರೆಗೆ ಬಿಡಲಿಲ್ಲ. ಅವರು ರೂಪಿಸಿದ ‘ಮಂತ್ರಮಾಂಗಲ್ಯ’ ಪದ್ಧತಿಯಲ್ಲಿ 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಚಿತ್ರಕೂಟ ಎಂಬ ತೋಟದಲ್ಲಿ ನಡೆಯಿತು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಹಿರಿಯರೊಬ್ಬರು ಕನ್ನಡದಲ್ಲಿ ಓದಿ ಹೇಳಿದ್ದನ್ನು ವಧುವರರು ಒಪ್ಪಿ ಹೇಳುತ್ತಾರೆ. ಜಾತಿ, ಮತಗಳ ಕಟ್ಟಿನಿಂದ ಇಬ್ಬರೂ ಬಿಡುಗಡೆಗೊಂಡರೆಂಬ ಮಾತೂ ಅದರಲ್ಲಿ ಬರುತ್ತದೆ. ಇವತ್ತಿಗೂ ನಾಡಿನ ಅಲ್ಲಲ್ಲಿ ಹೀಗೆ ಮದುವೆಯಾಗುವವರಿದ್ದಾರೆ. ನಾಲ್ಕು ಜನರ ಎದುರು ಇಬ್ಬರು ಕೊಟ್ಟುಕೊಂಡ ಮಾತು ಅದು. ವಾಲ್ಮೀಕಿಯ ಕಾಲದ ಕನ್ನಡಿಯಲ್ಲಿ ನೋಡಿದರೆ ಅದಕ್ಕೆ ಸಮಯವೆಂದೇ ಹೆಸರು.

ಸಾವಿನ ಪ್ರಶ್ನೆಗೆ ಉತ್ತರ ಮಂಗಳೂರಿನಲ್ಲಿದೆ. ಅಲ್ಲಿ 1870ರಲ್ಲೇ ಬ್ರಾಹ್ಮಸಮಾಜ ನೆಲೆಯೂರಿತ್ತು. ಸಾರಸ್ವತ ಬ್ರಾಹ್ಮಣ ಮನೆತನದ ಕುದ್ಮುಲ್ ರಂಗರಾಯರು ಅದಕ್ಕೆ ಸೇರಿದವರು. ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಮಿತಾಕ್ಷರೆಯ ಆ ಎರಡನೇ ಮಾತು ಎಂಟು ಶತಮಾನ ದಾಟಿ ಬಂದು ಅವರ ಬಾಗಿಲು ತಟ್ಟಿತ್ತು. ರಂಗರಾಯರು ದೇವರನ್ನು ಬಿಡಲಿಲ್ಲ, ಶಾಲೆಯನ್ನೂ ಬಿಡಲಿಲ್ಲ. ಕೊನೆಗಾಲದಲ್ಲಿ ಈಶ್ವರಾನಂದ ಎಂಬ ಹೆಸರಿನಲ್ಲಿ ಸಂನ್ಯಾಸ ತೆಗೆದುಕೊಂಡರು. 1928ರಲ್ಲಿ ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂದು ಹೇಳಿಟ್ಟಿದ್ದರು.